ಎಡಕ್ಕೆ ವಾಲಿದ ಮುದ್ರೆ

ಜನ ಕಾಗದ ಬರೆಯುವುದನ್ನೇ ಬಿಟ್ಟುಬಿಟ್ಟಿದ್ದಾರೆ ಎಂದು ಆ ವರ್ಷ ನಾನು ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದೆ. ಗೊಣಗಲು ನನ್ನ ಬಳಿ ಸಾಕ್ಷಿಯಿತ್ತು. ನಮ್ಮ ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಸೀಲು ಹೊಡೆಯುವ ಮೇಜು ನನ್ನದು. ಬೆಳಗಿನ ಚೀಲವನ್ನು ನಾನೇ ಮೇಜಿನ ಮೇಲೆ ಸುರಿದುಕೊಳ್ಳುತ್ತೇನೆ. ಮಧ್ಯಾಹ್ನದ ಚೀಲ ಬರುವ ಹೊತ್ತಿಗೆ ಮಾತ್ರ ನಾನು ಮುಂದಿನ ಕೌಂಟರಿನಲ್ಲಿ ಸ್ಟ್ಯಾಂಪು ಮಾರುತ್ತ ಕೂತಿರುತ್ತೇನೆ, ಅಲ್ಲಿಯ ಗುಮಾಸ್ತರು ಆಗ ಊಟಕ್ಕೆ ಹೋಗುತ್ತಾರೆ. ಮೊದಲೆಲ್ಲ ಕೌಂಟರಿನಿಂದ ತಿರುಗಿ ಬಂದರೆ ನನ್ನ ಮೇಜಿನ ಮೇಲೆ ಗುಡ್ಡ ಬಿದ್ದಿರುತ್ತಿತ್ತು. ಆ ವರ್ಷ ಒಂದೆರಡು ಹಿಡಿ ಕಾಗದ ಇದ್ದರೆ ಹೆಚ್ಚು.

"ನೋಡಿ, ಇಷ್ಟೇ! ಒಬ್ಬರಿಗೊಬ್ಬರು ನಾಲ್ಕು ಸಾಲು ಬರೆಯೋಕೂ ಜನಕ್ಕೆ ಪುರುಸೊತ್ತಿಲ್ಲ. ಕಾಲ ಕೆಟ್ಟುಹೋಯ್ತು."

ವಿಂಗಡಣೆಯ ಗೂಡುಗಳ ಮುಂದೆ ನಿಂತು ಕಾಗದಗಳನ್ನು ಊರೂರಿನ ಗೂಡಿಗೆ ಹಾಕುತ್ತಿದ್ದ ಎಡಚ ಈ ಕಡೆ ತಿರುಗದೆಯೇ ಹೇಳುತ್ತಿದ್ದ, "ಹೌದಕ್ಕಾ, ತುಂಬಾನೇ ಕೆಟ್ಟಿದೆ."

ಎಡಚ ಎಂದರೆ ನಮ್ಮ ವಿಂಗಡಣೆಯವನು. ಊಟ ಬಿಟ್ಟು ಮಿಕ್ಕೆಲ್ಲವನ್ನೂ ಎಡಗೈಯಲ್ಲೇ ಮಾಡುತ್ತಾನೆಂದು ಇಡೀ ಕಚೇರಿ ಅವನನ್ನು ಹಾಗೆ ಕರೆಯುತ್ತಿತ್ತು, ಅವನೂ ಓಗೊಡುತ್ತಿದ್ದ. ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಹಾಗಿದ್ದೂ ನನ್ನನ್ನು ಅಕ್ಕ ಅನ್ನುತ್ತಿದ್ದ. "ನಿಮಗಿಂತ ಚಿಕ್ಕವಳು ನಾನು, ಅಕ್ಕ ಹೇಗಾದೆ?" ಎಂದು ಒಮ್ಮೆ ರೇಗಿದ್ದಕ್ಕೆ, "ಕೋಪದಲ್ಲಿ ನೀವೇ ದೊಡ್ಡವರು" ಎಂದಿದ್ದ. ಅಂದಿನಿಂದ ಎದುರಿಗೆ ‘ನೀವು’ ಅಂದರೂ ಮನಸ್ಸಿನಲ್ಲಿ ಅವನನ್ನು ಏಕವಚನದಲ್ಲೇ ಇಟ್ಟಿದ್ದೆ.

ಸೀಲು ಹೊಡೆಯುವುದು ಏನು ಮಹಾ ಕೆಲಸ ಎಂದು ಕೇಳುವವರಿದ್ದಾರೆ. ನನ್ನ ನಾದಿನಿಯೇ ಕೇಳಿದ್ದಳು, ದಿನವಿಡೀ ಠಪ್ ಠಪ್ ಅಂತ ಕುಟ್ಟೋದು ತಾನೆ ಅತ್ತಿಗೆ ಅಂತ. ಕುಟ್ಟುವುದು ಕೊನೆಗೆ ಬರುತ್ತದೆ. ಮೊದಲು ರಾಶಿಯನ್ನೆಲ್ಲ ಒಂದೇ ಮುಖ ಮಾಡಿಸಬೇಕು, ಎಲ್ಲ ಸ್ಟ್ಯಾಂಪುಗಳೂ ಮೇಲೆ ಬಲಗಡೆಯ ಮೂಲೆಗೆ ಬರುವಂತೆ. ಲಕೋಟೆಯ ಬೆನ್ನಿಗೆ ಸ್ಟ್ಯಾಂಪು ಅಂಟಿಸುವ ಪುಣ್ಯಾತ್ಮರಿರುತ್ತಾರೆ, ಅವರನ್ನು ಮನಸ್ಸಿನಲ್ಲೇ ವಿಚಾರಿಸಿಕೊಂಡು ಪಕ್ಕಕ್ಕಿಡಬೇಕು. ಒಳಗೆ ಬೀಗದ ಕೈಯನ್ನೋ ಪೆನ್ನನ್ನೋ ತುರುಕಿದ ಉಬ್ಬು ಲಕೋಟೆಗಳನ್ನೂ ಬೇರೆ ತೆಗೆಯಬೇಕು, ಇಲ್ಲದಿದ್ದರೆ ಸೀಲು ಜಾರಿ ವಿಳಾಸದ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಪ್ಯಾಡಿಗೊಂದು ಏಟು, ಕಾಗದಕ್ಕೊಂದು ಏಟು. ಸ್ಟ್ಯಾಂಪು ಸಾಯಬೇಕು, ತಾರೀಕು ಬದುಕಬೇಕು, ವಿಳಾಸಕ್ಕೆ ಮಸಿ ತಾಗಬಾರದು.

ಸೀಲಿಗೂ ಒಂದು ನಂಬರಿರುತ್ತದೆ. ತಾರೀಕು, ಬೆಳಗಿನದೋ ಮಧ್ಯಾಹ್ನದ್ದೋ ಎಂಬ ಗುರುತು, ಅವುಗಳ ಕೆಳಗೆ ಸಣ್ಣದಾಗಿ ಬೀಳುತ್ತದೆ, ಹೊಡೆದವರು ಯಾರೆಂದು ತಿಳಿಯಲಿ ಅಂತ. ನನ್ನದು ಒಂದು. ಎರಡನೇ ನಂಬರಿನದು ಬಹಳ ಕಾಲದಿಂದ ಪೋಸ್ಟ್‌ಮಾಸ್ತರ ಕಪಾಟಿನಲ್ಲಿ ಮಲಗಿತ್ತು. ನಂಬರು ನೋಡದೆಯೂ ನಾವು ಯಾರ ಹೊಡೆತವೆಂದು ಹೇಳಬಲ್ಲೆವು. ಅವರವರ ನಡಿಗೆ ಅವರವರದೇ ಆಗಿರುವ ಹಾಗೆ ಹೊಡೆತವೂ. ನನ್ನ ಮುದ್ರೆ ತುಸು ಬಲಕ್ಕೆ ವಾಲುತ್ತದೆ, ಕೆಳಗಿನ ಅಂಚಿನಲ್ಲಿ ಮಸಿ ದಟ್ಟ.

ಎಡಚನಿಗೆ ಈ ಮೇಜಿನ ಮೇಲೆ ಆಸೆಯಿತ್ತೆಂದು ನಾನು ಬಂದ ಹೊಸತರಲ್ಲೇ ಕೇಳಿದ್ದೆ. ಅವನು ಕೆಲಸಕ್ಕೆ ಸೇರಿದಾಗ ಇದ್ದ ಹಿಂದಿನ ಪೋಸ್ಟ್‌ಮಾಸ್ತರು, ಎಡಗೈಯವನಿಗೆ ಈ ಮೇಜು ಆಗಿಬರುವುದಿಲ್ಲ ಎಂದು ಒಂದೇ ಮಾತಿನಲ್ಲಿ ಗೂಡುಗಳ ಕಡೆ ಕಳಿಸಿದ್ದರಂತೆ. ಅವರು ಹೇಳಿದ್ದರಲ್ಲೂ ಸತ್ಯವಿತ್ತು. ಮೇಜಿಗೆ ಬಲಗಡೆ ಪ್ಯಾಡು, ಬಲಗಡೆ ಸೀಲಿನ ಗೂಟ, ಎಡಗಡೆ ಕಾಗದ ಜಾರಿಸುವ ಜಾರು. ಎಡಗೈಯಲ್ಲಿ ಹೊಡೆಯಬೇಕೆಂದರೆ ಸ್ವಂತ ಎದೆಯ ಮೇಲೆ ಕೈ ಹಾಯಿಸಬೇಕು.

ಆ ವರ್ಷ ನನ್ನ ಬಲಗಡೆಯ ಭುಜ ಹಿಡಿದುಕೊಂಡಿತು. ಮೊದಲು ಅಡುಗೆಮನೆಯ ಮೇಲಿನ ಹಲಗೆಯ ಡಬ್ಬಿ ಎಟುಕದಾಯಿತು. ಆಮೇಲೆ ಮಗಳಿಗೆ ಜಡೆ ಹಾಕಲು ಕೈ ಎತ್ತಲಾಗಲಿಲ್ಲ. ಅವಳು ತಾನೇ ಕನ್ನಡಿಯ ಮುಂದೆ ನಿಂತು ಸೊಟ್ಟಪಟ್ಟ ಜಡೆ ಹಾಕಿಕೊಂಡು, "ಚೆನ್ನಾಗೇ ಬಂದಿದೆ ಬಿಡಮ್ಮ" ಎಂದು ನನಗೇ ಸಮಾಧಾನ ಹೇಳಿ ಸ್ಕೂಲಿಗೆ ಹೋಗುತ್ತಿದ್ದಳು. ಡಾಕ್ಟರು ನೋಡಿ, ಒಳಗೆ ಗಟ್ಟಿಯಾಗಿದೆ, ತಾನಾಗಿಯೇ ಬಿಡುತ್ತೆ, ಆದರೆ ಅದಕ್ಕೆ ಮನಸ್ಸು ಬಂದಾಗ ಎಂದರು.

ಅದಕ್ಕೆ ಮನಸ್ಸು ಬರುವವರೆಗೆ ಕಾಯುವ ಹಾಗಿರಲಿಲ್ಲ. ನನ್ನದು ಖಾಯಂ ಕೆಲಸವಲ್ಲ. ವರ್ಷಕ್ಕೊಮ್ಮೆ ಮೇಲಿನವರಿಗೆ ವರದಿ ಹೋಗುತ್ತದೆ, ಅದು ಚೆನ್ನಾಗಿದ್ದರೆ ಮುಂದಿನ ವರ್ಷ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮನೆಯವರು ದರ್ಜಿ. ರೆಡಿಮೇಡ್ ಅಂಗಡಿಗಳು ಸಾಲಾಗಿ ಎದ್ದ ಮೇಲೆ ಅವರ ಕತ್ತರಿಗೆ ಬಿಡುವೇ ಜಾಸ್ತಿ. ಮನೆಯ ಒಲೆ ಉರಿಯುತ್ತಿದ್ದದ್ದು ನನ್ನ ಈ ಠಪ್ ಠಪ್‌ನಿಂದ. ಹಾಗಾಗಿ ಹಲ್ಲು ಕಚ್ಚಿ ಹೊಡೆಯುತ್ತಿದ್ದೆ, ನೋವಾದರೆ ಕೆಮ್ಮಿದ ಹಾಗೆ ಮಾಡುತ್ತಿದ್ದೆ. ಒಂದು ದಿನ ಎಡಚ ಹತ್ತಿರ ಬಂದು, "ಅಕ್ಕಾ, ಸ್ವಲ್ಪ ಹೊತ್ತು ನಾನು ಹೊಡೀಲಾ?" ಎಂದ. ನನಗೆ ಉರಿದುಹೋಯಿತು. "ನಿಮ್ಮ ಗೂಡು ನೀವು ನೋಡ್ಕೊಳ್ಳಿ, ನನ್ನ ಕೈಗೇನಾಗಿದೆ?" ಎಂದುಬಿಟ್ಟೆ. ಅವನು ಆಯಿತೆಂದು ತಲೆಯಾಡಿಸಿ ಹೋದ. ಮತ್ತೆಂದೂ ಕೇಳಲಿಲ್ಲ.

ಬಾಯಿ ಸುಳ್ಳು ಹೇಳಿದರೂ ಮುದ್ರೆ ಹೇಳುವುದಿಲ್ಲ. ದೊಡ್ಡ ವಿಂಗಡಣಾ ಕಚೇರಿಯಿಂದ ಮೆಮೊ ಬಂತು. ನಿಮ್ಮಲ್ಲಿಂದ ಬರುವ ಬೆಳಗಿನ ಕಾಗದಗಳಲ್ಲಿ ಕೆಲವು ಮುದ್ರೆಗಳು ಮಸುಕಾಗಿವೆ, ಜನ ಆ ಸ್ಟ್ಯಾಂಪುಗಳನ್ನು ನೀರಿನಲ್ಲಿ ಬಿಡಿಸಿ ಮತ್ತೆ ಬಳಸುತ್ತಿದ್ದಾರೆ, ವರದಿಗೆ ಮುನ್ನ ಇನ್ಸ್‌ಪೆಕ್ಟರು ಬಂದು ಕೆಲಸವನ್ನು ಕಣ್ಣಾರೆ ನೋಡುತ್ತಾರೆ ಎಂದು. ಪೋಸ್ಟ್‌ಮಾಸ್ತರು ಅದನ್ನು ನನಗೆ ಓದಿ ಹೇಳುವಾಗ ತಮ್ಮದೇ ತಪ್ಪೇನೋ ಎಂಬಂತೆ ಕನ್ನಡಕ ಒರೆಸಿದರು. ಒಳ್ಳೆಯ ಮನುಷ್ಯ, ಚೊಕ್ಕಟದ ಹುಚ್ಚು ಒಂದು ಬಿಟ್ಟರೆ.

ಅದೇ ವಾರ ತಿರುಗಿ ಬಂದ ಕಾಗದಗಳ ಕಟ್ಟು ನನ್ನ ಮೇಜಿಗೆ ಬಂತು. ವಿಳಾಸದವರು ಮನೆ ಬಿಟ್ಟು ಹೋಗಿದ್ದರೆ ಕಾಗದ ಕಳಿಸಿದವರ ಊರಿಗೇ ಮರಳುತ್ತದೆ, ನಾವು ಬಂದ ತಾರೀಕನ್ನು ಬೆನ್ನಿಗೆ ಒತ್ತಿ ಅವರಿಗೆ ತಲುಪಿಸುತ್ತೇವೆ. ಮೊದಲನೆಯದನ್ನು ತಿರುಗಿಸಿದಾಗ ನನ್ನ ಕೈ ನಿಂತಿತು. ಮುಖದ ಮೇಲೆ ನಮ್ಮದೇ ಕಚೇರಿಯ ಮುದ್ರೆ. ಕೆಳಗೆ ನನ್ನದೇ ನಂಬರು. ಅಚ್ಚು ಕಪ್ಪಗೆ, ಬೆಳದಿಂಗಳ ಚಂದ್ರನಷ್ಟು ದುಂಡಗೆ. ಆದರೆ ಮುದ್ರೆ ವಾಲಿದ್ದು ಎಡಕ್ಕೆ. ಕಟ್ಟಿನಲ್ಲಿದ್ದ ಮಧ್ಯಾಹ್ನದ ಕಾಗದಗಳೆಲ್ಲ ಹಾಗೇ ಇದ್ದವು.

ಕಟ್ಟನ್ನು ಎತ್ತಿಕೊಂಡು ಗೂಡುಗಳ ಬಳಿ ಹೋದೆ.

"ಇದು ನನ್ನ ಸೀಲು. ಇದು ನನ್ನ ಹೊಡೆತ ಅಲ್ಲ."

ಎಡಚ ಕಾಗದವನ್ನು ದೂರ ಹಿಡಿದು ನೋಡಿದ. "ಸೀಲಿಗೂ ಬಲಗಡೆ ವಾಲಿ ವಾಲಿ ಬೇಜಾರಾಗಿರಬೇಕು."

"ತಮಾಷೆ ಬೇಡ. ಯಾರು ಹೊಡೆದದ್ದು?"

"ನಾನೇ."

"ಯಾವತ್ತಿಂದ?"

"ಮಗಳಿಗೆ ಜಡೆ ಹಾಕೋಕಾಗಲ್ಲ ಅಂತ ಫೋನಲ್ಲಿ ನಿಮ್ಮ ಯಜಮಾನರ ಹತ್ತಿರ ಹೇಳ್ತಿದ್ರಲ್ಲ, ಆವತ್ತಿಂದ. ನೀವು ಕೌಂಟರಿಗೆ ಹೋದ ಮೇಲೆ ಮಧ್ಯಾಹ್ನದ ಚೀಲ ನಾನೇ ಮುಗಿಸಿ, ನಿಮಗೆ ಅನುಮಾನ ಬರಬಾರದು ಅಂತ ಒಂದಿಷ್ಟು ಬಿಟ್ಟಿರ್ತಿದ್ದೆ."

"ಹೊಡೆಯೋದೇ ಆದ್ರೆ ಎರಡನೇ ನಂಬರು ಕೇಳಿ ತಗೊಂಡು ಹೊಡೀಬೇಕಿತ್ತು. ಬೇರೆಯವರ ನಂಬರಲ್ಲಿ ಹೊಡೆದದ್ದು ಗೊತ್ತಾದ್ರೆ ನಿಮ್ಮ ಕೆಲಸಕ್ಕೇ ಸಂಚಕಾರ ಬರಲ್ವಾ?"

"ಎರಡರಲ್ಲಿ ಹೊಡೆದಿದ್ರೆ ಅದು ನನ್ನ ಕೆಲಸ ಅಂತ ಆಗ್ತಿತ್ತು ಅಕ್ಕಾ. ಒಂದರಲ್ಲಿ ಹೊಡೆದ್ರೆ ನಿಮ್ಮದು."

ಅಷ್ಟು ಸಲೀಸಾಗಿ ಹೇಳಿಬಿಟ್ಟರು. ಹೌದು, ಅಲ್ಲಿಂದ ಮುಂದೆ ಅವರು ನನ್ನ ಮನಸ್ಸಿನಲ್ಲೂ ಬಹುವಚನವೇ. ನನ್ನ ಕಣ್ಣು ತುಂಬಿತು. ನಾಲ್ಕು ಒಳ್ಳೆಯ ಮಾತು ಆಡಬೇಕಿತ್ತು, ನಾಲಿಗೆಗೆ ಅಭ್ಯಾಸವಿಲ್ಲ. ಬಂದದ್ದು ಬೈಗುಳವೇ. "ಮತ್ತೆ ಜನ ಕಾಗದ ಬರೆಯೋದು ಬಿಟ್ಟಿದ್ದಾರೆ ಅಂತ ನಾನು ದಿನಾ ಅರಚಿಕೊಳ್ತಿದ್ದಾಗ ಹೌದು ಹೌದು ಅಂತ ತಲೆಯಾಡಿಸ್ತಿದ್ರಲ್ಲ!"

"ಇನ್ನೇನು ಮಾಡ್ಲಿ? ಅಷ್ಟು ಚೆನ್ನಾಗಿ ಬೈತಿದ್ರಿ. ನಡುವೆ ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ." ಆಮೇಲೆ ದನಿ ತಗ್ಗಿಸಿ, "ಇನ್ಸ್‌ಪೆಕ್ಟರ ಮುಂದೆ ನಾನು ಬಂದು ಹೊಡೆಯೋಕಾಗಲ್ಲ. ನಿಮ್ಮದೂ ಇನ್ನೊಂದು ಕೈ ಇದೆಯಲ್ಲ, ಅದಕ್ಕೆ ಕಲಿಸೋಣ" ಎಂದರು.

ಸಂಜೆ ಬಾಗಿಲು ಹಾಕುವ ಮುಂಚೆ ರದ್ದಿ ಲಕೋಟೆಗಳನ್ನಿಟ್ಟುಕೊಂಡು ಪಾಠ ನಡೆಯಿತು. ಅವರ ವಿದ್ಯೆ ಸರಳ. ಎಡಗೈ ಎದೆ ದಾಟಿ ಬಲಮೂಲೆಗೆ ಹೋಗುವುದೇಕೆ, ಮೂಲೆಯನ್ನೇ ಎಡಗೈಯ ಹತ್ತಿರ ಕರೆಸಿದರಾಯಿತು. ಕಾಗದದ ಕಟ್ಟನ್ನೇ ತಲೆಕೆಳಗು ಮಾಡಿ ಇಟ್ಟರೆ ಸ್ಟ್ಯಾಂಪು ಕೆಳಗೆ ಎಡಮೂಲೆಗೆ ಬಂದು ಕೂರುತ್ತದೆ. ಆದರೆ ಕಾಗದ ತಲೆಕೆಳಗಾದರೆ ಸೀಲನ್ನೂ ತಲೆಕೆಳಗಾಗಿ ಹಿಡಿಯಬೇಕು, ಮರೆತರೆ ಮುದ್ರೆ ಶೀರ್ಷಾಸನ ಹಾಕುತ್ತದೆ. ದುಂಡು ಹಿಡಿಯಲ್ಲಿ ಮೇಲು ಯಾವುದು ಕೆಳಗು ಯಾವುದು ಎಂದು ತಿಳಿಯಲು ಅವರು ಒಂದು ಎಳೆ ಸೆಣಬಿನ ಹುರಿಯನ್ನು ಹಿಡಿಗೆ ಸುತ್ತಿ ಗಂಟು ಹಾಕಿದ್ದರು. ಗಂಟು ಹೆಬ್ಬೆರಳಿಗೆ ಸಿಕ್ಕರೆ ಸೀಲು ಸರಿ. ಈ ಹುರಿ ಅಲ್ಲಿ ಎಷ್ಟೋ ತಿಂಗಳಿಂದ ಇತ್ತು. ಹಿಡಿ ಬಿರುಕು ಬಿಟ್ಟದ್ದಕ್ಕೆ ಯಾರೋ ಸುತ್ತಿದ್ದಾರೆಂದು ನಾನು ತಿಳಿದಿದ್ದೆ.

ಎಡಗೈ ಮೊದಮೊದಲು ಮೊಂಡು ಬಿದ್ದಿತು. ಸ್ಟ್ಯಾಂಪು ಬಿಟ್ಟು ಎಲ್ಲೆಲ್ಲೋ ಹೊಡೆಯಿತು, ಒಂದು ಸಲ ನನ್ನ ಬಲಗೈಯ ಹೆಬ್ಬೆರಳಿಗೇ ಆ ದಿನದ ತಾರೀಕು ಹಾಕಿತು. "ಈಗ ನಿಮ್ಮನ್ನೂ ಚೀಲಕ್ಕೆ ಹಾಕಬಹುದು" ಎಂದು ಅವರು ನಕ್ಕರು. ಮನೆಯಲ್ಲಿ ಬಾಟಲಿಯ ಮುಚ್ಚಳ ಹಿಡಿದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಭ್ಯಾಸ ಮಾಡಿದೆ. ನಮ್ಮನೆಯವರು ಸೀಮೆಸುಣ್ಣದಲ್ಲಿ ಸ್ಟ್ಯಾಂಪಿನಳತೆಯ ಚೌಕಗಳನ್ನು ಸಾಲಾಗಿ ಗೀಚಿಕೊಟ್ಟು, "ಗಿರಾಕಿಯ ಪ್ಯಾಂಟಿನ ಮೇಲೆ ಮಾತ್ರ ಹೊಡೀಬೇಡ ಕಣೇ" ಎಂದರು. ಮಗಳು ಪಕ್ಕದಲ್ಲಿ ಕೂತು ಚೌಕದೊಳಗೆ ಬಿತ್ತೋ ಇಲ್ಲವೋ ಎಂದು ತೀರ್ಪು ಕೊಡುತ್ತಿದ್ದಳು. ದಿನ ಕಳೆದಂತೆ ಕೈ ಪಳಗಿತು.

ಇನ್ಸ್‌ಪೆಕ್ಟರು ಹೆಂಗಸು. ತೆಳ್ಳಗೆ, ಗಂಭೀರ ಮುಖ, ಕೈಯಲ್ಲಿ ಮಡಚಿದ ಕೊಡೆ. ಅವರು ನನ್ನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ಶುರು ಮಾಡಿ" ಎಂದರು.

ಆಗ ಮೇಜಿನ ಕಡೆ ನೋಡಿದೆ. ದೊಡ್ಡವರು ಬರುತ್ತಾರೆಂದು ಪೋಸ್ಟ್‌ಮಾಸ್ತರು ಬೆಳಿಗ್ಗೆ ಬೇಗ ಬಂದು ಎಲ್ಲವನ್ನೂ ಫಳಫಳ ಮಾಡಿಟ್ಟಿದ್ದರು. ಎಡಗಡೆ ಸರಿಸಿದ್ದ ಪ್ಯಾಡು ಮತ್ತೆ ಬಲಕ್ಕೆ ಹೋಗಿತ್ತು. ಪ್ಯಾಡನ್ನು ಈಚೆಗೆ ಎಳೆದುಕೊಂಡೆ, ಕಾಗದದ ಕಟ್ಟನ್ನು ತಲೆಕೆಳಗು ಮಾಡಿದೆ. ಇನ್ಸ್‌ಪೆಕ್ಟರ ಹುಬ್ಬು ಮೇಲೇರಿತು. ಎಡಗೈಯಲ್ಲಿ ಸೀಲು ಎತ್ತಿ ಶುರುಮಾಡಿದೆ. ಠಪ್ ಠಪ್, ಠಪ್ ಠಪ್. ಕೈ ತಾನಾಗಿಯೇ ಓಡಿತು. ಏಟು ಎಲ್ಲೂ ತಪ್ಪಲಿಲ್ಲ, ಮಸಿ ಎಲ್ಲೂ ಹರಡಲಿಲ್ಲ. ಕಟ್ಟು ಮುಗಿಯುತ್ತ ಬಂದಾಗ ನನಗೇ ಒಳಗೊಳಗೆ ಹೆಮ್ಮೆಯಾಯಿತು.

ಹೊಡೆದ ಕಾಗದಗಳನ್ನು ನೇರ ಮಾಡಿ ಇನ್ಸ್‌ಪೆಕ್ಟರ ಮುಂದಿಡಲು ಹೋದಾಗ ನೋಡಿದೆ. ಒಂದೊಂದೂ ಶೀರ್ಷಾಸನ. ನಮ್ಮ ಕಚೇರಿಯ ಹೆಸರು ಕಾಲು ಮೇಲೆ ಮಾಡಿಕೊಂಡು ನಿಂತಿತ್ತು. ಸೀಲನ್ನು ತಿರುಗಿಸಿ ನೋಡಿದರೆ ಹಿಡಿಯ ಮೇಲೆ ಹುರಿಯೇ ಇಲ್ಲ. ಸೀಮೆಎಣ್ಣೆ ಹಾಕಿ ತಿಕ್ಕಿ, ಹಳೇ ಕೊಳಕು ದಾರವೆಂದು ಬಿಚ್ಚಿ ಬಿಸಾಡಿದ್ದರು ಪೋಸ್ಟ್‌ಮಾಸ್ತರು. ಹುರಿಯ ಗಂಟನ್ನು ಹೆಬ್ಬೆರಳಿನಿಂದ ಹುಡುಕಬೇಕೆಂಬುದು ಹೆದರಿಕೆಯಲ್ಲಿ ನನಗೆ ಹೊಳೆದೇ ಇರಲಿಲ್ಲ.

ಕಾಗದಗಳನ್ನು ಹಾಗೇ ಕಟ್ಟಿ ಚೀಲಕ್ಕೆ ಹಾಕಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಮಗಳ ಸೊಟ್ಟ ಜಡೆ ಕಣ್ಣ ಮುಂದೆ ಬಂತು. ಆದರೆ ಬಚ್ಚಿಟ್ಟೂ ಬಚ್ಚಿಟ್ಟೂ ನನಗೆ ಸಾಕಾಗಿಹೋಗಿತ್ತು.

"ಮೇಡಂ, ಮುದ್ರೆ ತಲೆಕೆಳಗಾಗಿದೆ. ನನ್ನ ಬಲಭುಜ ಹಿಡಿದುಕೊಂಡಿದೆ, ಕೈ ಏಳಲ್ಲ. ಮಸುಕಾಗಿ ಬರ್ತಿದ್ದದ್ದು ಅದಕ್ಕೇ. ಎಡಗೈಯಲ್ಲಿ ಹೊಡೆಯೋದು ಈಗಷ್ಟೇ ಕಲಿತಿದ್ದೀನಿ."

ಪೋಸ್ಟ್‌ಮಾಸ್ತರು ಕನ್ನಡಕ ಒರೆಸತೊಡಗಿದರು. ಅಷ್ಟರಲ್ಲಿ ಗೂಡುಗಳ ಕಡೆಯಿಂದ ಅವರು ಬಂದರು. ಜೇಬಿನಿಂದ ಹುರಿಯ ತುಂಡು ತೆಗೆದು, ಇನ್ಸ್‌ಪೆಕ್ಟರ ಎದುರಿಗೇ ಹಿಡಿಗೆ ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿ, ನನ್ನ ಮುಂದಿಟ್ಟರು.

"ಕಲಿಸಿದ್ದು ನಾನು ಮೇಡಂ. ಗುರುತಿನ ದಾರ ಬಿಚ್ಚಿಹೋಗಿತ್ತು. ತಪ್ಪು ಅವರ ಕೈಯದ್ದಲ್ಲ. ಇನ್ನೊಂದು ಕಟ್ಟು ನೋಡಿಬಿಡಿ."

ಇನ್ಸ್‌ಪೆಕ್ಟರು ತಲೆಕೆಳಗಾದ ಕಾಗದವೊಂದನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದರು. ಉಗುರಿನಿಂದ ಸ್ಟ್ಯಾಂಪಿನ ಅಂಚು ಮುಟ್ಟಿದರು. "ಸ್ಟ್ಯಾಂಪು ಸತ್ತಿದೆ. ತಾರೀಕು ಓದೋಕಾಗುತ್ತೆ. ವಿಳಾಸ ಚೊಕ್ಕವಾಗಿದೆ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. "ನಮ್ಮ ದೊಡ್ಡ ಕಚೇರಿಯ ಮೆಷಿನ್ನೂ ಕಾಗದ ಉಲ್ಟಾ ಹೋದ್ರೆ ಹೀಗೇ ಹೊಡೆಯುತ್ತೆ. ಅದಕ್ಕೆ ಯಾರೂ ಮೆಮೊ ಕೊಡಲ್ಲ. ಎಲ್ಲಿ, ಇನ್ನೊಂದು ಕಟ್ಟು ಹೊಡೀರಿ."

ಹೊಡೆದೆ. ಗಂಟು ಹೆಬ್ಬೆರಳಿಗೆ ಸಿಕ್ಕಿತ್ತು. ಒಂದೊಂದು ಮುದ್ರೆಯೂ ನೆಟ್ಟಗೆ, ಅಚ್ಚು ಕಪ್ಪಗೆ ಬಂತು. ಇನ್ಸ್‌ಪೆಕ್ಟರು ಎರಡು ಮೂರು ಕಾಗದ ನೋಡಿ ವರದಿಯ ಹಾಳೆಗೆ ಏನೋ ಬರೆದರು. ನಾನು ತಡೆಯಲಾರದೆ, "ಎಡಗೈ ಅಂತ ಬರೀತೀರಾ ಮೇಡಂ?" ಎಂದು ಕೇಳಿದೆ.

"ಯಾವ ಕೈ ಅಂತ ಕೇಳೋ ಜಾಗ ಇದರಲ್ಲಿಲ್ಲ" ಎಂದರು. "ಮುದ್ರೆ ಹೇಗಿದೆ ಅಂತ ಮಾತ್ರ ಕೇಳ್ತಾರೆ. ಚೆನ್ನಾಗಿದೆ ಅಂತ ಬರೆದಿದ್ದೀನಿ." ಹೊರಡುವಾಗ ಪೋಸ್ಟ್‌ಮಾಸ್ತರ ಕಪಾಟಿನ ಕಡೆ ಕೊಡೆ ತೋರಿಸಿ, "ಆ ಎರಡನೇ ಸೀಲು ಯಾಕೆ ಸುಮ್ಮನೆ ಮಲಗಿದೆ? ಗುರುಗಳ ಕೈಗೆ ಕೊಡಿ" ಎಂದರು. ಗುರುಗಳ ಕೈಗೆ ಸೀಲು ಬಂದಾಗ ನೋಡಬೇಕಿತ್ತು. ಅದರ ಧೂಳನ್ನು ಅಂಗಿಯ ತುದಿಯಿಂದ ಒರೆಸಿ, ಜೇಬಿನಿಂದ ಇನ್ನೊಂದು ತುಂಡು ಹುರಿ ತೆಗೆದು ಅದರ ಹಿಡಿಗೂ ಗಂಟು ಹಾಕಿದರು.

ಕೆಲಸ ಉಳಿಯಿತು. ಮನೆಯಲ್ಲಿ ಆ ಸಂಜೆ ಮೂವರೂ ಸುಮ್ಮಸುಮ್ಮನೆ ನಗುತ್ತಿದ್ದೆವು. ಆದರೆ ನನಗೊಂದು ಸಂಕಟ ಉಳಿದಿತ್ತು, ನನ್ನ ಗುರುಗಳಿಗೆ ಇನ್ನೂ ಏನೂ ಹೇಳಿರಲಿಲ್ಲ. ದಿನಾ ಹೇಳಬೇಕೆಂದು ಹೋಗುವುದು, "ಪ್ಯಾಡು ಒಣಗಿದೆ, ಮಸಿ ಹಾಕೋರು ಯಾರೂ ಇಲ್ವಾ?" ಎಂದು ರೇಗಿ ಬರುವುದು. ಬಾಯಿ ನನ್ನ ಮಾತು ಕೇಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಒಂದು ಕಾರ್ಡು ಕೊಂಡೆ. ಮೇಲೆ ನಮ್ಮ ಕಚೇರಿಯದೇ ವಿಳಾಸ. ಹಿಂಬದಿಯಲ್ಲಿ ಬರೆದದ್ದು ಇಷ್ಟು:

"ಅಣ್ಣನಿಗೆ, ನನ್ನ ಬಲಗೈ ಸೋತಾಗ ನೀವು ನಿಮ್ಮ ಎಡಗೈ ಕೊಟ್ಟಿರಿ. ನನಗೆ ಗೊತ್ತಾಗದ ಹಾಗೆ, ನನ್ನ ಹೆಸರಿಗೇ ಕೊಟ್ಟಿರಿ. ನನ್ನ ಮನೆಯ ದೀಪ ನೀವು ಉಳಿಸಿದ್ದು. ಎದುರಿಗೆ ಹೇಳಲು ಬರುವುದಿಲ್ಲ, ಅದಕ್ಕೇ ಬರೆದಿದ್ದೇನೆ. ಈ ಉಪಕಾರ ಮರೆಯುವುದಿಲ್ಲ. ನಿಮ್ಮ ತಂಗಿ."

ಮನೆಗೆ ಹೋಗುವಾಗ ಬಾಗಿಲ ಪಕ್ಕದ ಪೆಟ್ಟಿಗೆಗೆ ಹಾಕಿದೆ. ಮರುದಿನ ಬೆಳಗಿನ ಚೀಲ ಸುರಿದಾಗ ಅದು ಎಲ್ಲ ಕಾಗದಗಳ ಜೊತೆ ಜಾರಿ ನನ್ನ ಮುಂದೆಯೇ ಬಂತು. ತಲೆಕೆಳಗು ಮಾಡಿದೆ, ಗಂಟು ಹುಡುಕಿದೆ, ಹೊಡೆದೆ. ಹೊಡೆದ ಮೇಲೆ ಕಾರ್ಡನ್ನು ನೇರ ಮಾಡಿ ನೋಡಿದೆ. ಮುದ್ರೆ ಎಡಕ್ಕೆ ವಾಲಿತ್ತು. ಅವರ ಆ ಮಧ್ಯಾಹ್ನದ ಕಾಗದಗಳ ಮೇಲೆ ವಾಲಿದ್ದಷ್ಟೇ. ಇನ್ನು ಮೇಲೆ ಯಾವುದು ಅವರ ಹೊಡೆತ, ಯಾವುದು ನನ್ನದು ಎಂದು ನಂಬರು ನೋಡದೆ ನಾನೂ ಹೇಳಲಾರೆ. ಅದು ನನಗೆ ಬಹಳ ಹಿತವೆನಿಸಿತು.

ಕಟ್ಟು ಗೂಡುಗಳ ಕಡೆ ಹೋಯಿತು. ನಾನು ತಲೆ ತಗ್ಗಿಸಿ ಉಬ್ಬು ಲಕೋಟೆಗಳನ್ನು ಆರಿಸುವವಳ ಹಾಗೆ ಕೂತೆ. ಕಾಗದ ಗೂಡಿಗೆ ಬೀಳುವ ಸದ್ದು ಒಂದೇ ಸಮನೆ ಬರುತ್ತಿತ್ತು, ಆಮೇಲೆ ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಕದ್ದು ನೋಡಿದೆ. ಅವರು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಒಂದು ಸಲ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕಾರ್ಡನ್ನು ಎದೆಯ ಜೇಬಿಗೆ ಹಾಕಿ, ಈ ಕಡೆ ತಿರುಗದೆಯೇ ಹೇಳಿದರು.

"ಕಾಲ ಅಷ್ಟೇನೂ ಕೆಟ್ಟಿಲ್ಲ ತಂಗಿ. ಜನ ಇನ್ನೂ ಕಾಗದ ಬರೀತಿದ್ದಾರೆ."